ಊರಿನವರೇ ಸೇರಿ ಹೈಸ್ಕೂಲ್ ಶುರು ಮಾಡೋದು ಹೇಗೆ: ಯಾವುದು ಮೊದಲು, ಯಾವುದು ಆಮೇಲೆ

ಊರಲ್ಲಿ ಹೈಸ್ಕೂಲ್ ಮಾಡ್ತೀವಿ ಅಂತ ಹೊರಟೋರು ಎಡವೋದು ಹೆಚ್ಚುಕಮ್ಮಿ ಒಂದೇ ಜಾಗದಲ್ಲಿ. ಯಾರೋ ಜಾಗ ಕೊಡ್ತಾರೆ, ಗುದ್ದಲಿಪೂಜೆ ಆಗುತ್ತೆ, ಜೂನಲ್ಲಿ ಎಂಟನೇ ಕ್ಲಾಸಿಗೆ ಮಕ್ಕಳನ್ನೂ ಕೂರಿಸ್ಕೋತಾರೆ, ಎರಡು ವರ್ಷ ಚೆನ್ನಾಗೇ ನಡೆಯುತ್ತೆ, ಆಮೇಲೆ ಮಕ್ಕಳು ಹತ್ತನೇ ಕ್ಲಾಸಿಗೆ ಬಂದಾಗ ಶಾಲೆಗೆ ಮಾನ್ಯತೆ ಇಲ್ಲ, ಎಸ್ಎಸ್ಎಲ್‌ಸಿಗೆ ಹೆಸರು ನೋಂದಾಯಿಸೋಕೆ ಆಗಲ್ಲ ಅಂತ ಗೊತ್ತಾಗುತ್ತೆ. ಆಗ ಪಕ್ಕದ ಊರಿನ ಶಾಲೆಯವರ ಕಾಲಿಗೆ ಬಿದ್ದು ಅವರ ಹೆಸರಲ್ಲಿ ಮಕ್ಕಳನ್ನ ಕೂರಿಸೋ ಪರದಾಟ. ಅದು ಕಾನೂನುಬಾಹಿರ, ಸಿಕ್ಕಿಬಿದ್ರೆ ಪೆಟ್ಟು ಬೀಳೋದು ಮಕ್ಕಳಿಗೆ.

ಇದನ್ನ ತಪ್ಪಿಸೋಕೆ ಇರೋದು ಒಂದೇ ದಾರಿ. ಮೊದಲ ದಿನದಿಂದ ಮುಂದಕ್ಕೆ ಲೆಕ್ಕ ಹಾಕ್ಬೇಡಿ, ನಿಮ್ಮ ಮೊದಲ ಬ್ಯಾಚ್ ಎಸ್ಎಸ್ಎಲ್‌ಸಿ ಬರೆಯೋ ಮಾರ್ಚ್ ತಿಂಗಳಿಂದ ಹಿಂದಕ್ಕೆ ಲೆಕ್ಕ ಹಾಕಿ. ಆ ಮಾರ್ಚಿಗಿಂತ ಮೊದಲು ಪರೀಕ್ಷೆ ನೋಂದಣಿ, ಅದಕ್ಕೂ ಮೊದಲು ಶಾಲಾ ಕೋಡ್ (ಪರೀಕ್ಷಾ ಮಂಡಳಿ ಶಾಲೆಗೆ ಕೊಡೋ ನಂಬರ್), ಅದಕ್ಕೂ ಮೊದಲು ಮಾನ್ಯತೆ, ಅದಕ್ಕೂ ಮೊದಲು ಶಾಲೆ ನೋಂದಣಿ, ಜಾಗದ ಕಾಗದ, ಸಂಘ. ಹೀಗೆ ಹಿಂದಕ್ಕೆ ಲೆಕ್ಕ ಹಾಕಿ ಸಿಕ್ಕಿದ್ದನ್ನೇ ಕೆಳಗೆ ಮೊದಲಿಂದ ಕೊನೆಗೆ ಹಂತ ಹಂತವಾಗಿ ಬರ್ದಿದೀನಿ. ಇದು ಕರ್ನಾಟಕದ ಸ್ಟೇಟ್ ಸಿಲೆಬಸ್ ಪ್ರೌಢಶಾಲೆಗೆ, ಅಂದ್ರೆ 8ರಿಂದ 10ನೇ ತರಗತಿಗೆ ಮಾತ್ರ. ಸಿಬಿಎಸ್ಇ, ಐಸಿಎಸ್ಇ ದಾರಿಯೇ ಬೇರೆ.

ಶುರು ಮಾಡೋಕೆ ಮುಂಚೆ ಕೈಯಲ್ಲಿ ಇರ್ಬೇಕಾದ್ದು: ಕನಿಷ್ಠ ಎರಡು ವರ್ಷ ಆಫೀಸುಗಳಿಗೆ ಓಡಾಡೋಕೆ ಟೈಮ್ ಇರೋ ಒಬ್ಬ ವ್ಯಕ್ತಿ (ನಿವೃತ್ತ ಮೇಷ್ಟ್ರಾದ್ರೆ ತುಂಬ ಒಳ್ಳೇದು), ಒಬ್ಬ ಆಡಿಟರ್, ಜಾಗದ ಕಾಗದ ಓದೋಕೆ ಬರೋ ಒಬ್ಬ ಲಾಯರ್, ಲ್ಯಾಪ್‌ಟಾಪ್, ಸ್ಕ್ಯಾನರ್, ಮತ್ತೆ ಪ್ರತಿ ಕಾಗದದ ಸ್ವೀಕೃತಿ ಇಡೋಕೆ ಒಂದು ದಪ್ಪ ಫೈಲ್.

ಹಂತ 1: ಶಾಲೆ ನಿಜವಾಗ್ಲೂ ಬೇಕಾ ಅಂತ ಎಣಿಸಿ

ಭಾವನೆ ಪಕ್ಕಕ್ಕಿಡಿ, ನೋಟ್‌ಬುಕ್ ಹಿಡ್ಕೊಂಡು ಸುತ್ತ 5 ಕಿಲೋಮೀಟರ್ ಒಳಗಿರೋ ಎಲ್ಲ ಹಿರಿಯ ಪ್ರಾಥಮಿಕ ಶಾಲೆಗಳಿಗೆ ಹೋಗಿ. 2009ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಆರ್‌ಎಂಎಸ್‌ಎ (ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನ) ಯೋಜನೆ ಪ್ರೌಢಶಾಲೆಗೆ ಇಟ್ಟ ಅಂತರವೂ 5 ಕಿಲೋಮೀಟರೇ. ಪ್ರತಿ ಶಾಲೆಯಲ್ಲೂ 5, 6, 7ನೇ ಕ್ಲಾಸಲ್ಲಿ ಎಷ್ಟು ಮಕ್ಕಳು ಇದ್ದಾರೆ ಬರ್ಕೊಳ್ಳಿ. ಈಗ ಏಳರಲ್ಲಿರೋರನ್ನ ಮಾತ್ರ ಎಣಿಸಿದ್ರೆ ಸಾಲಲ್ಲ, ಐದರಲ್ಲಿ ಇರೋರೇ ನಿಮ್ಮ ಮೂರನೇ ವರ್ಷದ ಎಂಟನೇ ಕ್ಲಾಸು. ಕೆಳಗಿನ ಕ್ಲಾಸಲ್ಲಿ ಮಕ್ಕಳು ವರ್ಷದಿಂದ ವರ್ಷಕ್ಕೆ ಕಮ್ಮಿ ಆಗ್ತಾ ಇದ್ರೆ ಅದು ದೊಡ್ಡ ಎಚ್ಚರಿಕೆ.

ಆಮೇಲೆ ಕಳೆದ ವರ್ಷ ಏಳು ಮುಗಿಸಿದ ಮಕ್ಕಳು ಎಲ್ಲಿಗೆ ಹೋದ್ರು ಅಂತ ಮನೆಮನೆಗೆ ಹೋಗಿ ಕೇಳಿ. ಎಷ್ಟು ಜನ ಟೌನ್ ಶಾಲೆಗೆ, ಎಷ್ಟು ಜನ ಹಾಸ್ಟೆಲ್‌ಗೆ, ಎಷ್ಟು ಜನ ಮನೇಲೇ ಉಳಿದ್ರು. ಹೆಣ್ಣುಮಕ್ಕಳ ಲೆಕ್ಕ ಬೇರೆ ಇಡಿ. ಎಷ್ಟೋ ಕಡೆ ಹುಡುಗೀರು ಓದು ಬಿಟ್ಟಿರೋದು ಶಾಲೆ ಇಲ್ಲ ಅಂತಲ್ಲ, ಸಂಜೆ ಬಸ್ ಇಲ್ಲ ಅಂತ. ಹಾಗಿದ್ರೆ ಡಿಪೋ ಮ್ಯಾನೇಜರ್‌ಗೆ ಅರ್ಜಿ ಕೊಟ್ಟು ಬಸ್ ಟೈಮ್ ಬದಲಾಯಿಸೋದು ಶಾಲೆ ಕಟ್ಟೋದಕ್ಕಿಂತ ಸುಲಭ, ಮುಂದಿನ ವಾರದಿಂದಲೇ ಮಕ್ಕಳು ಹೋಗಬಹುದು.

ಇನ್ನೊಂದು ದಾರಿನೂ ಇದೆ, ತುಂಬ ಜನ ಇದನ್ನ ಯೋಚನೆನೇ ಮಾಡಲ್ಲ: ಊರಲ್ಲಿರೋ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯನ್ನೇ ಪ್ರೌಢಶಾಲೆಯಾಗಿ ಉನ್ನತೀಕರಿಸಿ ಅಂತ ಕೇಳೋದು. ಎಸ್‌ಡಿಎಂಸಿ (ಸರ್ಕಾರಿ ಶಾಲೆಯ ಪೋಷಕರ ಸಮಿತಿ) ಠರಾವು, ಗ್ರಾಮ ಪಂಚಾಯ್ತಿ ಠರಾವು, ಮೇಲೆ ಮಾಡಿದ ಮಕ್ಕಳ ಲೆಕ್ಕ, ಜಾಗದ ದಾಖಲೆ ಇವಿಷ್ಟು ಸೇರಿಸಿ ಬಿಇಒ (ತಾಲ್ಲೂಕು ಮಟ್ಟದ ಶಿಕ್ಷಣಾಧಿಕಾರಿ) ಮೂಲಕ ಡಿಡಿಪಿಐಗೆ (ಜಿಲ್ಲಾ ಮಟ್ಟದ ಶಿಕ್ಷಣಾಧಿಕಾರಿ), ಒಂದು ಪ್ರತಿ ಶಾಸಕರಿಗೆ. ನಿಧಾನ ಆಗುತ್ತೆ ನಿಜ, ಆದ್ರೆ ಸಂಬಳ ಸರ್ಕಾರದ್ದು, ಬಿಸಿಯೂಟ ಇರುತ್ತೆ, ಫೀಸ್ ಇರಲ್ಲ. ನನ್ನ ಅಭಿಪ್ರಾಯದಲ್ಲಿ ಮೊದಲು ಇದನ್ನ ಪ್ರಯತ್ನ ಮಾಡಿ, ಆಗಲ್ಲ ಅಂತ ಖಚಿತ ಆದ್ಮೇಲೇ ಸ್ವಂತ ಶಾಲೆಗೆ ಕೈ ಹಾಕಿ.

ಹಂತ 2: ಸಂಘ ಅಥವಾ ಟ್ರಸ್ಟ್

ಒಬ್ಬ ವ್ಯಕ್ತಿಯ ಹೆಸರಲ್ಲಿ ಶಾಲೆ ನಡೆಸೋಕೆ ಹೋಗಬೇಡಿ, ಸಂಸ್ಥೆ ಬೇಕು. ಊರಿನ ಶಾಲೆಗೆ ನಾನು ಹೇಳೋದು ಸೊಸೈಟಿ, ಅಂದ್ರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ಸಂಘ. ಕನಿಷ್ಠ 7 ಜನ ಬೇಕು, ಸಹಕಾರ ಇಲಾಖೆಯ ಜಿಲ್ಲಾ ರಿಜಿಸ್ಟ್ರಾರ್ ಹತ್ರ ನೋಂದಣಿ. ಟ್ರಸ್ಟ್ ಮಾಡೋದು ಇನ್ನೂ ಸುಲಭ, ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ಒಂದೇ ಡೀಡ್, ಆದ್ರೆ ಟ್ರಸ್ಟಲ್ಲಿ ಅಧಿಕಾರ ಟ್ರಸ್ಟಿಗಳ ಕೈಲೇ ಉಳಿಯುತ್ತೆ, ಹತ್ತು ವರ್ಷ ಆದ್ಮೇಲೆ ನೋಡಿದ್ರೆ ಊರಿನ ಶಾಲೆ ಒಂದು ಮನೆತನದ ಶಾಲೆ ಆಗಿರುತ್ತೆ. ಸೊಸೈಟೀಲಿ ವಾರ್ಷಿಕ ಸಭೆ, ಚುನಾವಣೆ ಇರೋದ್ರಿಂದ ಜನ ಪ್ರಶ್ನೆ ಕೇಳಬಹುದು.

ಬೈಲಾ (ಸಂಘದ ನಿಯಮಾವಳಿ) ಬರೆಯೋವಾಗ ನೋಟರಿ ಹತ್ರ ಸಿಗೋ ರೆಡಿಮೇಡ್ ಪ್ರತಿಗೆ ಸೈನ್ ಹಾಕ್ಬೇಡಿ. ಉದ್ದೇಶಗಳಲ್ಲಿ ‘ಶಾಲೆ ಸ್ಥಾಪಿಸಿ ನಡೆಸುವುದು’ ಅಂತ ಸ್ಪಷ್ಟವಾಗಿ ಇರಲಿ. ಒಂದೇ ಕುಟುಂಬದಿಂದ ಕಮಿಟೀಲಿ ಎಷ್ಟು ಜನ ಇರಬಹುದು, ಪದಾಧಿಕಾರಿ ಎಷ್ಟು ವರ್ಷ ಮುಂದುವರೀಬಹುದು, ಚೆಕ್‌ಗೆ ಯಾವ ಇಬ್ಬರ ಸಹಿ, ಸಂಘ ಮುಚ್ಚಿದ್ರೆ ಆಸ್ತಿ ಯಾರಿಗೆ, ಈ ನಾಲ್ಕು ಪ್ರಶ್ನೆಗೆ ಉತ್ತರ ಬರಹದಲ್ಲಿ ಇರ್ಲೇಬೇಕು. ಪ್ಯಾನ್, ಬ್ಯಾಂಕ್ ಖಾತೆ ಆದ ತಕ್ಷಣ ಆಡಿಟರ್ ಮೂಲಕ ಆದಾಯ ತೆರಿಗೆಯ 12ಎ (ಸಂಸ್ಥೆಗೆ ತೆರಿಗೆ ವಿನಾಯ್ತಿ), 80ಜಿ (ದೇಣಿಗೆ ಕೊಟ್ಟೋರಿಗೆ ತೆರಿಗೆ ರಿಯಾಯಿತಿ) ನೋಂದಣಿ ಹಾಕ್ಸಿ. ಹೊಸ ಸಂಸ್ಥೆಗೆ ಮೊದಲು ತಾತ್ಕಾಲಿಕವಾಗಿ 3 ವರ್ಷಕ್ಕೆ ಸಿಗುತ್ತೆ, ಅದು ಮುಗಿಯೋ ಮೊದಲೇ ಖಾಯಂಗೆ ಅರ್ಜಿ ಹಾಕೋದನ್ನ ಕ್ಯಾಲೆಂಡರಲ್ಲಿ ಈಗಲೇ ಬರ್ದಿಡಿ.

ಎಚ್ಚರಿಕೆ: ಪ್ರತಿ ವರ್ಷ ಆಡಿಟ್ ವರದಿ ಮತ್ತೆ ಕಮಿಟಿ ಪಟ್ಟಿ ರಿಜಿಸ್ಟ್ರಾರ್‌ಗೆ ಕೊಡ್ದೇ ಬಿಟ್ರೆ ನಾಲ್ಕೈದು ವರ್ಷ ಆದ್ಮೇಲೆ ಮಾನ್ಯತೆ ನವೀಕರಣಕ್ಕೆ ಹೋದಾಗ ಅದೇ ಮೊದಲ ಅಡ್ಡಿ.

ಹಂತ 3: ಮೂರು ವರ್ಷದ ದುಡ್ಡಿನ ಲೆಕ್ಕ

ಹೆಚ್ಚಿನ ಶಾಲೆ ಸಾಯೋದು ಇಲ್ಲೇ, ಹಾಗಾಗಿ ನಿಧಾನವಾಗಿ ಓದಿ. ಒಂದು ಉದಾಹರಣೆ ಲೆಕ್ಕ ಹಾಕೋಣ. ಕ್ಲಾಸಿಗೆ 35 ಮಕ್ಕಳು, ವರ್ಷದ ಫೀಸ್ 12,000, ಒಬ್ಬರಿಗೆ ತಿಂಗಳ ಸಂಬಳ ಸರಾಸರಿ 18,000 ಅಂತ ಇಟ್ಕೊಳ್ಳಿ.

ಮೊದಲ ವರ್ಷ ಎಂಟನೇ ಕ್ಲಾಸ್ ಮಾತ್ರ, 35 ಮಕ್ಕಳಿಂದ 4,20,000 ಬರುತ್ತೆ. 4 ಜನ ಸಿಬ್ಬಂದಿ ಸಂಬಳ 8,64,000. ಕೊರತೆ 4,44,000. ಎರಡನೇ ವರ್ಷ 70 ಮಕ್ಕಳು, ಆದಾಯ 8,40,000, 6 ಜನರ ಸಂಬಳ 12,96,000, ಕೊರತೆ 4,56,000. ಮೂರನೇ ವರ್ಷ 105 ಮಕ್ಕಳು, ಆದಾಯ 12,60,000, 8 ಜನರ ಸಂಬಳ 17,28,000, ಕೊರತೆ 4,68,000.

ನೋಡಿದ್ರಾ, ಮಕ್ಕಳು ಮೂರು ಪಟ್ಟು ಆದ್ರೂ ಕೊರತೆ ಕಮ್ಮಿ ಆಗ್ಲಿಲ್ಲ. ‘ಒಂದು ಬ್ಯಾಚ್ ಹೊರಗೆ ಬರ್ಲಿ, ಆಮೇಲೆ ತಾನಾಗೇ ನಡ್ಕೊಂಡು ಹೋಗುತ್ತೆ’ ಅನ್ನೋ ಮಾತನ್ನ ಎಲ್ಲ ಕಮಿಟೀಲೂ ಯಾರಾದ್ರೂ ಹೇಳ್ತಾರೆ, ಅದಕ್ಕೆ ಈ ಲೆಕ್ಕವೇ ಉತ್ತರ. ಮೂರು ವರ್ಷಕ್ಕೆ ಬರೀ ಸಂಬಳದ್ದೇ 13,68,000 ಕೊರತೆ, ಕರೆಂಟು, ಲ್ಯಾಬ್, ರಿಪೇರಿ, ಕಟ್ಟಡ ಯಾವುದೂ ಇದರಲ್ಲಿಲ್ಲ. ಇದೇ ಫೀಸಲ್ಲಿ ಸಂಬಳ ಹೊಂದ್ಬೇಕು ಅಂದ್ರೆ ಒಟ್ಟು 144 ಮಕ್ಕಳು, ಅಂದ್ರೆ ಕ್ಲಾಸಿಗೆ 48 ಬೇಕು. ಹಂತ 1ರಲ್ಲಿ ಮಾಡಿದ ಎಣಿಕೇಲಿ ಅಷ್ಟು ಮಕ್ಕಳೇ ಇಲ್ಲ ಅಂದ್ರೆ ಈ ಕೊರತೆ ಖಾಯಂ, ಅದನ್ನ ಪ್ರತಿ ವರ್ಷ ದೇಣಿಗೆಯಿಂದ ತುಂಬ್ಬೇಕು ಅಂತ ಮೊದಲೇ ಒಪ್ಕೊಂಡು ಮುಂದೆ ಹೋಗಿ. ನಿಮ್ಮ ಅಂಕಿ ಹಾಕಿ ಇದೇ ತರ ಒಂದು ಹಾಳೆ ಮಾಡಿ, ಊರ ಸಭೇಲಿ ಓದಿ ಹೇಳಿ. ಮೂರು ವರ್ಷದ ಕೊರತೆ ದುಡ್ಡು ಎಫ್‌ಡಿಯಲ್ಲಿ ಇರದೇ ಶುರು ಮಾಡಬೇಡಿ. ಸರ್ಕಾರದ ಅನುದಾನ ಬರುತ್ತೆ ಅನ್ನೋದನ್ನ ಲೆಕ್ಕದಲ್ಲಿ ಸೇರಿಸ್ಲೇಬೇಡಿ.

ದೇಣಿಗೆ ಬಗ್ಗೆ ಎರಡು ಮಾತು. ಒಂದು, ಅಡ್ಮಿಶನ್‌ಗೂ ದೇಣಿಗೆಗೂ ಗಂಟು ಹಾಕ್ಬೇಡಿ. ಮಗು ಸೇರಿಸೋಕೆ ಬಂದ ಅಪ್ಪ ಅಮ್ಮನ ಹತ್ರ ‘ಕಟ್ಟಡ ನಿಧಿ’ ಅಂತ ಕೇಳಿದ್ರೆ ಅದು ಕ್ಯಾಪಿಟೇಶನ್ (ಸೀಟಿಗಾಗಿ ಫೀಸಿನ ಮೇಲೆ ಕೇಳೋ ದುಡ್ಡು), 1984ರಿಂದಲೇ ರಾಜ್ಯದಲ್ಲಿ ಅದಕ್ಕೆ ನಿಷೇಧ ಕಾಯ್ದೆ ಇದೆ, ಎಂಟನೇ ಕ್ಲಾಸಿಗೆ ಆರ್‌ಟಿಇ (ಎಂಟನೇ ಕ್ಲಾಸ್ ತನಕದ ಶಿಕ್ಷಣ ಹಕ್ಕು ಕಾಯ್ದೆ) ಕೂಡ ಅನ್ವಯ ಆಗುತ್ತೆ, ತಗೊಂಡಿದ್ದರ ಹತ್ತು ಪಟ್ಟು ತನಕ ದಂಡ. ಎರಡು, ಹೊರದೇಶದಲ್ಲಿರೋ ಊರಿನ ಮಕ್ಕಳು ದುಡ್ಡು ಕಳಿಸ್ತೀವಿ ಅಂದ್ರೆ ಖುಷಿಯಲ್ಲಿ ತಕ್ಷಣ ಖಾತೆ ನಂಬರ್ ಕೊಡಬೇಡಿ, ಮೊದಲು ಪಾಸ್‌ಪೋರ್ಟ್ ಯಾವ ದೇಶದ್ದು ಕೇಳಿ. ಭಾರತದ ಪಾಸ್‌ಪೋರ್ಟ್ ಇದ್ದು ಸ್ವಂತ ದುಡಿಮೆ ದುಡ್ಡನ್ನ ಬ್ಯಾಂಕ್ ಮೂಲಕ ಕಳಿಸಿದ್ರೆ ತೊಂದ್ರೆ ಇಲ್ಲ. ಅಲ್ಲಿನ ಪೌರತ್ವ ತಗೊಂಡಿದ್ರೆ, ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡೋದು) ಇದ್ರೂ, ಅದು ವಿದೇಶಿ ದೇಣಿಗೆ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅನುಮತಿ ಇಲ್ದೇ ಒಂದು ರೂಪಾಯಿನೂ ತಗೊಳ್ಳೋ ಹಾಗಿಲ್ಲ. 80ಜಿ ರಿಯಾಯಿತಿ ಬೇಕು ಅನ್ನೋರಿಗೆ 2,000 ರೂಪಾಯಿಗಿಂತ ಜಾಸ್ತಿ ನಗದು ಕೊಡಬೇಡಿ ಅಂತ ಹೇಳಿ.

ಹಂತ 4: ಜಾಗದ ಕಾಗದ, ಆಮೇಲೆ ಕಟ್ಟಡ

ಬಾಯಿಮಾತಿನ ದಾನ ದಾನವೇ ಅಲ್ಲ. ಜಾಗ ಕೊಡೋರು ಎಷ್ಟೇ ದೊಡ್ಡ ಮನುಷ್ಯರಾಗಿರ್ಲಿ, ನೋಂದಾಯಿತ ದಾನಪತ್ರ ಸಂಘದ ಹೆಸರಿಗೇ ಆಗ್ಬೇಕು, ಅಧ್ಯಕ್ಷರ ಹೆಸರಿಗಲ್ಲ. ಲೀಸ್ ಆದ್ರೆ ಅದೂ ರಿಜಿಸ್ಟರ್ ಆಗಿರ್ಬೇಕು, ದೀರ್ಘಾವಧಿದಾಗಿರ್ಬೇಕು, ಛಾಪಾ ಕಾಗದದಲ್ಲಿ ಬರ್ಕೊಂಡಿರೋ ಕರಾರು ನಡೆಯಲ್ಲ.

ಲಾಯರ್ ಹತ್ರ ಕೂತು ಈ ಕ್ರಮದಲ್ಲೇ ನೋಡಿ. ಪಹಣಿ, ಮ್ಯುಟೇಶನ್ (ಖಾತೆ ಬದಲಾವಣೆ ದಾಖಲೆ), ಇಸಿ (ಜಮೀನಿನ ಮೇಲಿರೋ ಋಣ, ವರ್ಗಾವಣೆ ತೋರಿಸೋ ಪತ್ರ). ಜಂಟಿ ಕುಟುಂಬದ ಜಮೀನಾ? ಹಾಗಾದ್ರೆ ಎಲ್ಲ ಹಕ್ಕುದಾರರ ಸಹಿ, ಮದುವೆ ಆಗಿ ಹೋಗಿರೋ ಹೆಣ್ಣುಮಕ್ಕಳದ್ದೂ ಸೇರಿ. ಎಸ್‌ಸಿ ಎಸ್‌ಟಿ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ ಜಮೀನಾ? 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ದೇ ಆದ ವರ್ಗಾವಣೆ ಅನೂರ್ಜಿತ, ಕೊಟ್ಟೋರಿಗೂ ಅನ್ಯಾಯ, ಶಾಲೆಗೂ ನೆಲೆ ಇರಲ್ಲ. ಗೋಮಾಳನಾ? ಮಂಜೂರಾತಿ ಆದೇಶ ಕೈಗೆ ಬರೋ ತನಕ ಒಂದು ಇಟ್ಟಿಗೆನೂ ಇಡಬೇಡಿ. ಎಲ್ಲ ಸರಿ ಇದ್ರೆ ಆಮೇಲೆ ಭೂ ಪರಿವರ್ತನೆ (ಕೃಷಿ ಜಮೀನನ್ನ ಬೇರೆ ಬಳಕೆಗೆ ಬದಲಾಯಿಸೋ ಅನುಮತಿ). ಭೂ ಕಂದಾಯ ಕಾಯ್ದೆ 1964ರ ಕಲಂ 95ರ ಕೆಳಗೆ ಶೈಕ್ಷಣಿಕ ಉದ್ದೇಶಕ್ಕೆ ಅಂತಲೇ ಕೇಳಿ, ವಾಸದ ಉದ್ದೇಶಕ್ಕೆ ಮಾಡಿಸ್ಕೊಂಡು ಆಮೇಲೆ ಒದ್ದಾಡೋರು ಸುಮಾರು ಜನ ಇದ್ದಾರೆ.

ಜಾಗ, ಕೊಠಡಿ ಎಷ್ಟಿರ್ಬೇಕು ಅನ್ನೋ ಅಳತೆ ನಗರಕ್ಕೊಂದು ಹಳ್ಳಿಗೊಂದು, ಆದೇಶಗಳೂ ಬದಲಾಗ್ತಿರ್ತವೆ. ನೀವು ಅರ್ಜಿ ಹಾಕೋ ವರ್ಷದ ಸುತ್ತೋಲೆ ಬಿಇಒ ಆಫೀಸಿಂದ ಪ್ರಿಂಟ್ ತಗೊಂಡು ಅದರ ಪ್ರಕಾರವೇ ಪ್ಲಾನ್ ಮಾಡಿಸಿ. ಮೊದಲ ವರ್ಷಕ್ಕೆ ದೊಡ್ಡ ಕಟ್ಟಡ ಬೇಡ, ಮೂರು ವರ್ಷಕ್ಕೆ ಆಗೋ ಪ್ಲಾನ್ ಮಂಜೂರು ಮಾಡಿಸ್ಕೊಂಡು ಆ ವರ್ಷದ ಸುತ್ತೋಲೆ ಕೇಳೋಷ್ಟನ್ನ ಮೊದಲು ಮುಗಿಸಿ. ಹುಡುಗ ಹುಡುಗೀರಿಗೆ ಬೇರೆ ಬೇರೆ ಟಾಯ್ಲೆಟ್, ಅದರಲ್ಲಿ ನೀರು, ಚಿಲಕ ಇವು ಕಾಂಪೌಂಡ್ ಗೇಟಿಗಿಂತ ಮೊದಲು ಆಗ್ಬೇಕು. ರಾಯಚೂರು ಕಲಬುರಗಿ ಕಡೆ ತಗಡಿನ ಶೆಡ್ಡಲ್ಲಿ ಏಪ್ರಿಲ್ ತಿಂಗಳು ಯಾವ ಮಗುವೂ ಓದೋಕಾಗಲ್ಲ, ಮಲೆನಾಡಲ್ಲಿ ಅಗಲವಾದ ಜಗಲಿ ಇಲ್ದೇ ಹೋದ್ರೆ ಜುಲೈನಲ್ಲಿ ಕ್ಲಾಸ್ ಒಳಗೇ ನೀರು.

ಬೆಂಕಿ ವಿಷಯದಲ್ಲಿ ಮಾತ್ರ ರಾಜಿ ಬೇಡವೇ ಬೇಡ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನಲ್ಲಿ ಶಾಲೆಯ ಅಡುಗೆಮನೆ ಬೆಂಕಿ ಗರಿ ಚಾವಣಿಗೆ ಹತ್ತಿ 94 ಮಕ್ಕಳು ತೀರಿಕೊಂಡ್ರು. ದೇಶದ ಎಲ್ಲ ಶಾಲೆಗೂ ಬೆಂಕಿ ಸುರಕ್ಷತೆ ಕಡ್ಡಾಯ ಅಂತ ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿದ್ದು ಆ ದುರಂತ ಆದ್ಮೇಲೇ. ಗರಿ, ಹುಲ್ಲಿನ ಚಾವಣಿ ತಾತ್ಕಾಲಿಕಕ್ಕೂ ಬೇಡ, ಕ್ಲಾಸ್ ಬಾಗಿಲು ಹೊರಗಡೆಗೆ ತೆರೀಬೇಕು, ಗ್ಯಾಸ್ ಸಿಲಿಂಡರ್ ಮಕ್ಕಳ ಕೊಠಡಿಯಿಂದ ದೂರ ಇರಬೇಕು. ಫೈರ್ ಇಲಾಖೆ ಪತ್ರ, ಇಂಜಿನಿಯರ್ ಕೊಡೋ ಕಟ್ಟಡ ಸುರಕ್ಷತಾ ಪತ್ರ ಎರಡೂ ಮಾನ್ಯತೆಗೆ ಬೇಕೇ ಬೇಕು.

ಹಂತ 5: ನೋಂದಣಿ ಬೇರೆ, ಮಾನ್ಯತೆ ಬೇರೆ

ಅತಿ ಹೆಚ್ಚು ಗೊಂದಲ ಇರೋದು ಇಲ್ಲೇ. ಕರ್ನಾಟಕ ಶಿಕ್ಷಣ ಕಾಯ್ದೆ 1983 (ಜಾರಿಗೆ ಬಂದಿದ್ದು 1995ರಲ್ಲಿ) ಪ್ರಕಾರ ಕಲಂ 31ರಲ್ಲಿ ಶಾಲೆ ನೋಂದಣಿ, ಕಲಂ 36ರಲ್ಲಿ ಮಾನ್ಯತೆ (ಎಸ್ಎಸ್ಎಲ್‌ಸಿಗೆ ಮಕ್ಕಳ ಹೆಸರು ನೋಂದಾಯಿಸೋಕೆ ಬೇಕಾದ್ದು ಇದು). ನೋಂದಣಿ ಪತ್ರ ಬಂದ್ರೆ ಎಲ್ಲ ಮುಗೀತು ಅಂದ್ಕೊಂಡು ಕೂತ್ರೆ ಕೆಟ್ರಿ. ಸೊಸೈಟಿ ನೋಂದಣಿ ಅಂತೂ ಮೂರನೇದು, ಅದು ಇದ್ದ ಮಾತ್ರಕ್ಕೆ ಶಾಲೆಗೆ ಅನುಮತಿ ಸಿಕ್ಕ ಹಾಗಲ್ಲ. ಈ ಮೂರು ಪತ್ರಾನೂ ಬೇರೆ ಬೇರೆ ಕವರಲ್ಲಿ ಇಟ್ಟು ಮೇಲೆ ದೊಡ್ಡದಾಗಿ ಹೆಸರು ಬರೀರಿ.

ಹೊಸ ಶಾಲೆ ಅರ್ಜಿಗೆ ಇಲಾಖೆ ವೇಳಾಪಟ್ಟಿ ಪ್ರಕಟಿಸುತ್ತೆ, ಅರ್ಜಿ ಆನ್‌ಲೈನ್, ಕೊನೇ ದಿನ ದಾಟಿದ್ರೆ ಒಂದು ಪೂರ್ತಿ ವರ್ಷ ಹೋಯ್ತು. ಹಾಗಾಗಿ ಹಂತ 2, 4ರ ಕಾಗದ ಎಲ್ಲ ಹಿಂದಿನ ವರ್ಷವೇ ಸ್ಕ್ಯಾನ್ ಆಗಿ ರೆಡಿ ಇರಲಿ. ಅರ್ಜೀಲಿ ಮಾಧ್ಯಮ ಯಾವುದು ಅಂತ ಬರೀಬೇಕು, ಅನುಮತಿ ಆ ಮಾಧ್ಯಮಕ್ಕೇ ಸಿಗೋದು. ಸುತ್ತ ಇರೋದೆಲ್ಲ ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಗಳು ಅಂದ್ರೆ ಕನ್ನಡ ಮಾಧ್ಯಮವೇ ಹಾಕಿ, ಜೊತೆಗೆ ಇಂಗ್ಲಿಷ್ ಪಾಠಕ್ಕೆ ಒಳ್ಳೇ ಮೇಷ್ಟ್ರನ್ನ ಇಡಿ. ಏಳು ವರ್ಷ ಕನ್ನಡದಲ್ಲಿ ಓದಿದ ಮಗುಗೆ ಎಂಟರಲ್ಲಿ ಏಕಾಏಕಿ ವಿಜ್ಞಾನ, ಗಣಿತ ಇಂಗ್ಲಿಷಲ್ಲಿ ಹೇಳಿದ್ರೆ ಎರಡೂ ಕಡೆ ಇಲ್ಲದಂಗೆ ಆಗುತ್ತೆ. ಅಡ್ಮಿಶನ್ ಜಾಸ್ತಿ ಬರುತ್ತೆ ಅಂತ ಬೋರ್ಡಲ್ಲಿ ಇಂಗ್ಲಿಷ್ ಮೀಡಿಯಂ ಅಂತ ಬರೆಸಿ ಅನುಮತಿ ಕನ್ನಡಕ್ಕೆ ತಗೊಳ್ಳೋದು ಇನ್ನೂ ಕೆಟ್ಟದ್ದು, ನೋಟಿಸ್ ಬರೋದು ಗ್ಯಾರಂಟಿ.

ಬಿಇಒ ಕಡೆಯಿಂದ ಸ್ಥಳ ತನಿಖೆಗೆ ಬರ್ತಾರೆ. ಆ ದಿನ ಮೂಲ ದಾಖಲೆ, ಒಂದು ಸೆಟ್ ಜೆರಾಕ್ಸ್, ಶಿಕ್ಷಕರ ಪದವಿ ಪ್ರತಿಗಳು ಒಂದೇ ಟೇಬಲ್ ಮೇಲೆ ಇರಲಿ. ನ್ಯೂನತೆ ಪತ್ರ ಬಂದ್ರೆ ಗಾಬರಿ ಬೇಡ, ಬರಹದಲ್ಲಿ ಉತ್ತರ ಕೊಟ್ಟು ಸ್ವೀಕೃತಿ ತಗೊಳ್ಳಿ. ‘ಸಾಹೇಬ್ರು ಆಗುತ್ತೆ ಅಂದ್ರು’ ಅನ್ನೋದನ್ನ ನಂಬಿ ಅಡ್ಮಿಶನ್ ಶುರು ಮಾಡಬೇಡಿ. ಮಾನ್ಯತೆ ಪತ್ರ ಇಲ್ದೇ ಶಾಲೆ ನಡೆಸಿದ್ರೆ ಆರ್‌ಟಿಇ ಕಲಂ 18ರಲ್ಲಿ 1 ಲಕ್ಷ ತನಕ ದಂಡ, ಮುಂದುವರಿಸಿದ್ರೆ ದಿನಕ್ಕೆ 10,000. ಪತ್ರ ಸಿಕ್ಕ ಮೇಲೆ ಯು-ಡೈಸ್ ಕೋಡ್ (ದೇಶದ ಪ್ರತಿ ಶಾಲೆಗೂ ಇರೋ ಗುರುತಿನ ನಂಬರ್) ಮತ್ತೆ ಸ್ಯಾಟ್ಸ್ (ಮಕ್ಕಳ ದಾಖಲಾತಿಯ ರಾಜ್ಯದ ಆನ್‌ಲೈನ್ ವ್ಯವಸ್ಥೆ) ಲಾಗಿನ್ ತಗೊಳ್ಳೋ ತನಕ ಬಿಇಒ ಆಫೀಸಿಗೆ ಹೋಗೋದು ನಿಲ್ಲಿಸ್ಬೇಡಿ.

ಹಂತ 6: ಮೇಷ್ಟ್ರು, ಮೇಡಂ

ಪದವಿ ಜೊತೆ ಬಿಇಡಿ ಇರ್ಲೇಬೇಕು, ಎಂಟನೇ ಕ್ಲಾಸ್ ಆರ್‌ಟಿಇ ಒಳಗೆ ಬರೋದ್ರಿಂದ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸಾದೋರನ್ನ ಹುಡುಕಿ. ಮೊದಲ ವರ್ಷ ಮುಖ್ಯ ಶಿಕ್ಷಕರು ಸೇರಿ ನಾಲ್ಕು ಜನ: ಕನ್ನಡ, ಇಂಗ್ಲಿಷ್, ಗಣಿತ ಮತ್ತು ಭೌತಶಾಸ್ತ್ರಕ್ಕೆ ಪಿಸಿಎಂ (ಭೌತ, ರಸಾಯನ, ಗಣಿತ) ಓದಿರೋರು, ಸಮಾಜ ವಿಜ್ಞಾನ. ಹಿಂದಿ ಮತ್ತೆ ಜೀವಶಾಸ್ತ್ರಕ್ಕೆ ಮೊದಲ ವರ್ಷ ವಾರಕ್ಕೆ ಕೆಲವು ದಿನ ಬರೋರು ಸಾಕು, ಎರಡನೇ ವರ್ಷ ಸಿಬಿಝಡ್‌ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ) ಮತ್ತೆ ಹಿಂದಿ ಪೂರ್ಣಾವಧಿ, ಮೂರನೇ ವರ್ಷ ದೈಹಿಕ ಶಿಕ್ಷಕರು ಮತ್ತೆ ಗುಮಾಸ್ತರು. ಹಳ್ಳೀಲಿ ಗಣಿತದ ಮೇಷ್ಟ್ರು ಸಿಗೋದೇ ಕಷ್ಟ, ಸಿಕ್ಕಿದ್ರೆ ಸಂಬಳ ಜಾಸ್ತಿ ಕೊಟ್ಟಾದ್ರೂ ಉಳಿಸ್ಕೊಳ್ಳಿ. ವರ್ಷದ ಮಧ್ಯೆ ಗಣಿತದವರು ಬಿಟ್ಟು ಹೋದ್ರೆ ಆ ಬ್ಯಾಚ್ ರಿಸಲ್ಟ್ ಮೇಲೇಳಲ್ಲ.

ಸಂಬಳ ಬ್ಯಾಂಕ್ ಖಾತೆಗೇ ಹಾಕಿ. ಪುಸ್ತಕದಲ್ಲಿ 18,000 ಬರೆದು ಕೈಗೆ 10,000 ಕೊಡೋ ಪದ್ಧತಿ ಊರಿನ ಶಾಲೆಗೆ ಬೇಡ, ಅದು ಮೋಸ. 20 ಜನ ಆದ್ರೆ ಪಿಎಫ್ ಕಡ್ಡಾಯ. ಎಲ್ಲರದ್ದೂ, ಡ್ರೈವರ್ ಆಯಾ ಸೇರಿ, ಪೊಲೀಸ್ ವೆರಿಫಿಕೇಶನ್ ಮಾಡಿಸಿ. ಪೋಕ್ಸೋ ಕಾಯ್ದೆ 2012ರ ಪ್ರಕಾರ ಮಗು ಮೇಲೆ ದೌರ್ಜನ್ಯ ಆಗಿದೆ ಅಂತ ಗೊತ್ತಾದ್ರೆ ಪೊಲೀಸರಿಗೆ ತಿಳಿಸೋದು ಕಡ್ಡಾಯ, ಕಮಿಟೀಲಿ ಕೂತು ರಾಜಿ ಪಂಚಾಯ್ತಿ ಮಾಡೋದೇ ಅಪರಾಧ. ಇದನ್ನ ಕಮಿಟಿ ಸದಸ್ಯರಿಗೆ ಮೊದಲು ತಿಳಿಸಿ ಹೇಳಿ, ಮಕ್ಕಳ ಸಹಾಯವಾಣಿ 1098 ನಂಬರನ್ನ ಮಕ್ಕಳಿಗೆ ಕಾಣೋ ಹಾಗೆ ಗೋಡೆ ಮೇಲೆ ಬರೆಸಿ.

ಹಂತ 7: ಮೊದಲ ವರ್ಷ, ಎಂಟನೇ ಕ್ಲಾಸ್ ಒಂದೇ

ಒಂದೇ ಸಲ 8, 9, 10 ಮೂರೂ ಶುರು ಮಾಡೋ ಆಸೆ ಬೇಡ. ಬೇರೆ ಶಾಲೇಲಿ ಫೇಲಾದೋರು, ಟಿಸಿ ಇಲ್ದೋರು ಎಲ್ಲ ಒಂಬತ್ತಕ್ಕೂ ಹತ್ತಕ್ಕೂ ಬಂದು ಸೇರ್ತಾರೆ, ಅವರಿಗೆ ಸಮಯ ಕೊಡೋಷ್ಟು ಮೇಷ್ಟ್ರುಗಳು ನಿಮ್ಮ ಹತ್ರ ಇನ್ನೂ ಇರಲ್ಲ.

ಎಂಟನೇ ಕ್ಲಾಸಿಗೆ ಸೇರಿಸ್ಕೊಳ್ಳೋಕೆ ಎಂಟ್ರೆನ್ಸ್ ಟೆಸ್ಟ್ ಇಡೋ ಹಾಗಿಲ್ಲ. ಮೊದಲ ಸಲಕ್ಕೆ 25,000, ಆಮೇಲೆ ಪ್ರತಿ ಸಲಕ್ಕೂ 50,000 ತನಕ ದಂಡ. ಸೇರಿಸ್ಕೊಂಡ ಮೇಲೆ ಮಾತ್ರ ಪ್ರತಿ ಮಗುನೂ ಪಕ್ಕದಲ್ಲಿ ಕೂರಿಸ್ಕೊಂಡು ಒಂದು ಪುಟ ಕನ್ನಡ ಓದಿಸಿ, ಒಂದು ಭಾಗಾಕಾರ ಮಾಡಿಸಿ. ಸುಮಾರು ಮಕ್ಕಳಿಗೆ ಎರಡೂ ತಡವರಿಸುತ್ತೆ. ಜೂನಲ್ಲಿ ಸೇತುಬಂಧ (ಹಿಂದಿನ ಕ್ಲಾಸಿನ ಪಾಠ ಮತ್ತೆ ಹೇಳಿಕೊಡೋದು) ಅಂತ ಇರೋದೇ ಇದಕ್ಕೆ, ಅದನ್ನ ರಿಜಿಸ್ಟರಲ್ಲಿ ಬರೆದು ಮುಗಿಸ್ಬೇಡಿ, ಬೇಕಾದ್ರೆ ಆಗಸ್ಟ್ ತನಕ ಬೆಳಿಗ್ಗೆ ಒಂದು ಗಂಟೆ ಮುಂದುವರಿಸಿ. ಹತ್ತನೇ ಕ್ಲಾಸಲ್ಲಿ ರಾತ್ರಿ ಕ್ಲಾಸ್ ಇಟ್ಟು ಓದಿಸೋದಕ್ಕಿಂತ ಎಂಟರಲ್ಲಿ ಮಾಡೋ ಈ ಕೆಲಸ ಜಾಸ್ತಿ ಫಲ ಕೊಡುತ್ತೆ.

ದಾಖಲಾತಿ ರಿಜಿಸ್ಟರ್, ಹಾಜರಾತಿ, ವೇತನ ಬಟವಾಡೆ, ಕ್ಯಾಶ್ ಬುಕ್, ಸ್ಟಾಕ್ ರಿಜಿಸ್ಟರ್ ಈ ಐದು ಪುಸ್ತಕ ಮೊದಲ ದಿನದಿಂದ ಬರೀರಿ. ಮಗು ಹೆಸರು, ಅಪ್ಪ ಅಮ್ಮನ ಹೆಸರು, ಹುಟ್ಟಿದ ದಿನ ಟಿಸಿಯಲ್ಲಿ, ಆಧಾರಲ್ಲಿ, ಸ್ಯಾಟ್ಸಲ್ಲಿ ಒಂದೇ ತರ ಇದೆಯಾ ಅಂತ ಎಂಟರಲ್ಲೇ ನೋಡಿ. ‘ಮಂಜುಳ’, ‘ಮಂಜುಳಾ’ ವ್ಯತ್ಯಾಸ ಎಂಟರಲ್ಲಿ ಸರಿಮಾಡೋದು ಸುಲಭ, ಅಂಕಪಟ್ಟಿ ಬಂದ ಮೇಲೆ ತುಂಬ ಕಷ್ಟ.

ಹಂತ 8: ಮೊದಲ ಎಸ್ಎಸ್ಎಲ್‌ಸಿ

ಮೊದಲ ಬ್ಯಾಚ್ ಒಂಬತ್ತರಲ್ಲಿ ಇರೋವಾಗ್ಲೇ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯಿಂದ ಶಾಲಾ ಕೋಡ್ ತಗೊಳ್ಳೋ ಕೆಲಸ ಶುರು ಮಾಡಿ. ಹತ್ತನೇ ಕ್ಲಾಸ್ ಶುರುವಾಗೋ ಜೂನಿಗೆ ಕೋಡ್ ಕೈಯಲ್ಲಿ ಇಲ್ಲ ಅಂದ್ರೆ ಅಪ್ಪ ಅಮ್ಮಂದಿರ ಸಭೆ ಕರೆದು ಇದ್ದಿದ್ದನ್ನ ಹೇಳಿ, ಬೇರೆ ಮಾನ್ಯತೆ ಇರೋ ಶಾಲೆಗೆ ಟಿಸಿ ಕೊಟ್ಟು ಕಳಿಸೋದು ಆಗ ಇನ್ನೂ ಸಾಧ್ಯ. ಡಿಸೆಂಬರ್ ತನಕ ಮುಚ್ಚಿಟ್ರೆ ಮಕ್ಕಳ ಒಂದು ವರ್ಷ ಹೋಗುತ್ತೆ.

ಒಟ್ಟು 625 ಅಂಕ, ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ನೂರು ನೂರು. ಅದರಲ್ಲಿ ಆಂತರಿಕ ಅಂಕ ಪ್ರಥಮ ಭಾಷೆಗೆ 25, ಮಿಕ್ಕಿದ್ದಕ್ಕೆ 20. ಆಂತರಿಕ ಅಂಕ ಎಲ್ಲರಿಗೂ ಪೂರ್ತಿ ಕೊಡೋ ಚಾಳಿ ಬೇಡ, ತಪಾಸಣೆಗೆ ಬಂದಾಗ ಪ್ರಾಜೆಕ್ಟ್, ಕಿರುಪರೀಕ್ಷೆ ಉತ್ತರಪತ್ರಿಕೆ ಕೇಳ್ತಾರೆ. ಫೇಲಾಗಬಹುದು ಅನ್ನಿಸೋ ಮಕ್ಕಳನ್ನ ಹೊರಗೆ ಕಳಿಸಿ ಶೇಕಡ ನೂರು ರಿಸಲ್ಟ್ ಅಂತ ಬ್ಯಾನರ್ ಹಾಕೋ ಶಾಲೆಗಳಿವೆ, ಊರಿನವರು ಸೇರಿ ಮಾಡಿದ ಶಾಲೆ ಆ ಕೆಲಸ ಯಾವತ್ತೂ ಮಾಡಬಾರದು. ಅದೇ ವರ್ಷ ಮತ್ತೆ ಬರೆಯೋಕೆ ಪರೀಕ್ಷೆ 2 ಇದೆ, ಮೊದಲನೇದ್ರಲ್ಲಿ ಫೇಲಾದ ಮಗುಗೆ ಮಾರನೇ ವಾರದಿಂದಲೇ ಕ್ಲಾಸ್ ತಗೊಳ್ಳಿ.

ಹಂತ 9: ಆಮೇಲೆ ಬೆಳೆಸೋದು

ನಾಲ್ಕನೇ ವರ್ಷ ಎಲ್ಲರೂ ಪಿಯು ಕಾಲೇಜು ಮಾಡೋಣ, ನರ್ಸರಿ ಮಾಡೋಣ ಅಂತಾರೆ. ಮೊದಲು ಮೂರು ವಿಷಯ ನೋಡಿ: ಎರಡು ವರ್ಷ ಸತತವಾಗಿ ಸಂಬಳ ಒಂದು ತಿಂಗಳೂ ತಪ್ಪದೇ ಹೋಗಿದೆಯಾ, ಗಣಿತ ವಿಜ್ಞಾನದ ಮೇಷ್ಟ್ರು ಅದೇ ಜನ ಇದ್ದಾರಾ, ಎಂಟಕ್ಕೆ ಸೇರಿದ ಹೆಣ್ಣುಮಕ್ಕಳಲ್ಲಿ ಎಷ್ಟು ಜನ ಹತ್ತು ಮುಗಿಸಿದ್ರು. ಮೂರರಲ್ಲಿ ಒಂದು ಅಲುಗಾಡ್ತಿದ್ರೂ ಹೊಸ ಕ್ಲಾಸ್ ಬೇಡ, ದುಡ್ಡನ್ನ ವಿಜ್ಞಾನ ಲ್ಯಾಬ್‌ಗೆ, ಲೈಬ್ರರಿಗೆ, ದೂರದ ಮಕ್ಕಳ ಓಡಾಟಕ್ಕೆ ಹಾಕಿ.

ಶಾಲೆ ಹಳಿ ತಪ್ತಾ ಇದೆ ಅನ್ನೋದಕ್ಕೆ ಗುರುತುಗಳು ಮೊದಲೇ ಕಾಣ್ತವೆ. ಕಮಿಟಿ ಸಭೆ ನಡಾವಳಿ ಪುಸ್ತಕದಲ್ಲಿ ತಿಂಗಳುಗಟ್ಟಲೆ ಏನೂ ಬರ್ದಿಲ್ಲ, ಖಜಾಂಚಿ ಲೆಕ್ಕ ಕೇಳಿದ್ರೆ ಸಿಟ್ಟಾಗ್ತಾರೆ, ಮುಖ್ಯ ಶಿಕ್ಷಕರನ್ನ ಬಿಟ್ಟು ಕಮಿಟಿಯವರು ನೇರ ಕ್ಲಾಸಿಗೆ ನುಗ್ತಾರೆ, ಕಮಿಟಿಯವರ ಮಕ್ಕಳೇ ಟೌನ್ ಶಾಲೆಗೆ ಹೋಗ್ತಾರೆ. ಇದರಲ್ಲಿ ಎರಡು ಕಂಡ್ರೂ ವಾರ್ಷಿಕ ಸಭೆ ತನಕ ಕಾಯ್ಬೇಡಿ, ಬೈಲಾದಲ್ಲಿರೋ ವಿಶೇಷ ಸಭೆ ಕರೀರಿ. ಮಾನ್ಯತೆ ಯಾವ ವರ್ಷದ ತನಕ ಇದೆ ಅನ್ನೋದನ್ನ ಆಫೀಸ್ ಗೋಡೆ ಮೇಲೆ ಎಲ್ಲರಿಗೂ ಕಾಣೋ ಹಾಗೆ ಬರೆಸಿ, ಮುಗಿಯೋಕೆ ಒಂದು ವರ್ಷ ಇರೋವಾಗ್ಲೇ ಫೈರ್ ಪತ್ರ, ಕಟ್ಟಡ ಪತ್ರ, ಆಡಿಟ್ ಎಲ್ಲ ಹೊಸದು ಮಾಡಿಸ್ಕೊಂಡು ನವೀಕರಣದ ಅರ್ಜಿ ಹಾಕಿ.